ಕರೆಂಟ್ ತೆಗೆಯುವ ಮುಂಚೆ ಹೇಳುತ್ತಾರೆ, ನೆಟ್ ತೆಗೆಯುವ ಮುಂಚೆ ಯಾಕಿಲ್ಲ?

ನಾನು ಪತ್ರಿಕೆಗೆ ಸುದ್ದಿ ಕಳಿಸಲು ಶುರು ಮಾಡಿ ಹನ್ನೊಂದು ವರ್ಷ ಆಯಿತು. ಇಷ್ಟು ವರ್ಷದಲ್ಲಿ ಅತಿ ಹೆಚ್ಚು ಸಲ ಬರೆದ ಸುದ್ದಿ ಯಾವುದು ಅಂತ ಕೇಳಿದರೆ ಕೊಲೆಯೂ ಅಲ್ಲ, ಚುನಾವಣೆಯೂ ಅಲ್ಲ. 'ನಾಳೆ ವಿದ್ಯುತ್ ವ್ಯತ್ಯಯ' ಅನ್ನುವ ನಾಲ್ಕು ಸಾಲು. ಇಂಥ 110 ಕೆವಿ ಸ್ಟೇಷನ್ನಿನಲ್ಲಿ ತ್ರೈಮಾಸಿಕ ನಿರ್ವಹಣೆ ಕೆಲಸ ಇದೆ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ, ಈ ಫೀಡರ್, ಈ ಊರುಗಳು, ಗ್ರಾಹಕರು ಸಹಕರಿಸಬೇಕು. ಹೆಸ್ಕಾಂನಿಂದ ವಾಟ್ಸಾಪ್‌ಗೆ ಬರುತ್ತದೆ, ನಾನು ಊರ ಹೆಸರಿನ ಕಾಗುಣಿತ ತಿದ್ದಿ ಮುಂದಕ್ಕೆ ಕಳಿಸುತ್ತೇನೆ. ಪೇಪರಿನಲ್ಲಿ ಅದು ಬರುವುದು ಮೂಲೆಯಲ್ಲಿ. ಆದರೆ ಹಿಟ್ಟಿನ ಗಿರಣಿಯವರು, ಬೋರ್‌ವೆಲ್ ಇರುವ ರೈತರು, ಝೆರಾಕ್ಸ್ ಅಂಗಡಿಯವರು ಮೊದಲು ಓದುವುದು ಆ ಮೂಲೆಯನ್ನೇ. ಓದಿ ಮರುದಿನದ ಕೆಲಸ ಹೊಂದಿಸಿಕೊಳ್ಳುತ್ತಾರೆ.

'ನಾಳೆ ಇಂಟರ್‌ನೆಟ್ ವ್ಯತ್ಯಯ' ಅಂತ ಒಂದು ಸಲವೂ ಬರೆದಿಲ್ಲ. ಬರೆಯಿರಿ ಅಂತ ಯಾರೂ ಕಳಿಸಿಲ್ಲ.

ನೆಟ್ ಹೋಗುವುದೇ ಇಲ್ಲ ಅಂತಲ್ಲ. ಅದು ಹೇಗೆ ಹೋಗುತ್ತದೆ ಅಂತ ನಿಮಗೇ ಗೊತ್ತು. ಹೋದ ಮೇಲೆ ತಿಳಿಯುತ್ತದೆ. ಪಂಚಾಯಿತಿ ಕಂಪ್ಯೂಟರ್ ಮುಂದೆ ಕೂತ ಹುಡುಗ ತಲೆ ಎತ್ತದೆ 'ನೆಟ್ ಇಲ್ರೀ' ಅನ್ನುತ್ತಾನೆ. 'ಯಾವಾಗ ಬರತೈತಿ?' ಅಂದರೆ 'ಗೊತ್ತಿಲ್ರೀ' ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೂ ಯಾರೂ ಹೇಳಿಲ್ಲ.

ಆಕಸ್ಮಿಕವಾಗಿ ಕೇಬಲ್ ತುಂಡಾದರೆ ಮುಂಚೆ ಹೇಳಲು ಆಗುವುದಿಲ್ಲ, ಒಪ್ಪುತ್ತೇನೆ. ನಾನು ಈಗ ಹೇಳಹೊರಟಿರುವುದು ಬೇಕೆಂದೇ ತೆಗೆದ ನೆಟ್ ಬಗ್ಗೆ. ರಸ್ತೆ ಅಗಲ ಮಾಡಲಿಕ್ಕೆ ಕೇಬಲ್ ಸರಿಸಬೇಕು, ಹಳೆಯ ಜಾಯಿಂಟ್‌ಗೆ ನೀರು ಹೋಗಿದೆ ಬದಲಿಸಬೇಕು, ಸೇತುವೆ ಪಕ್ಕದ ಪೈಪು ಕಿತ್ತು ಬೇರೆ ಹಾಕಬೇಕು. ಇವು ತಿಂಗಳು ಮೊದಲೇ ಗೊತ್ತಿರುವ ಕೆಲಸಗಳು. ಇಂಥ ಕೆಲಸಕ್ಕೆ ಒಂದು ಊರು ಮೂರು ನಾಲ್ಕು ದಿನ ಕತ್ತಲಲ್ಲಿ ಕೂರಬೇಕಾದ ಅಗತ್ಯವೇ ಇಲ್ಲ. ಇದು ನನ್ನ ವಾದ. ಯಾಕೆ ಅಂತ ಹೇಳುತ್ತೇನೆ.

ನಮ್ಮೂರು ಹಾವೇರಿ ಜಿಲ್ಲೆಯಲ್ಲಿದೆ. ಜುಲೈ ಕೊನೆಯ ವಾರ, ಗೋವಿನಜೋಳ ಮೊಣಕಾಲುದ್ದ ಬಂದಿತ್ತು, ಬೆಳೆ ವಿಮೆ ಕಟ್ಟುವ ಕೊನೆಯ ದಿನಗಳು. ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಊರಿನ ಎರಡೂ ಟವರ್ ಒಟ್ಟಿಗೆ ಸತ್ತವು. ಪಂಚಾಯಿತಿ ನೆಟ್ ಹೋಯಿತು, ಮನೆಮನೆಗೆ ಕೊಟ್ಟ ಫೈಬರ್ ಹೋಯಿತು. ಬಂದದ್ದು ಶುಕ್ರವಾರ ಸಂಜೆ 4 ಗಂಟೆಗೆ. ಲೆಕ್ಕ ಹಾಕಿ, 77 ಗಂಟೆ. ಯಾರ ಕೇಬಲ್, ಯಾವ ಗುತ್ತಿಗೆದಾರ ಅಂತ ಇಲ್ಲಿ ಹೆಸರು ಹಾಕುವುದಿಲ್ಲ. ಹೆಸರು ಬದಲಾದರೂ ಕಥೆ ಬದಲಾಗುವುದಿಲ್ಲ, ನಿಮ್ಮೂರಲ್ಲೂ ಇದೇ ನಡೆದಿರುತ್ತದೆ.

'ಫೈಬರ್ ಹೋದರೆ ಮೊಬೈಲ್ ಯಾಕೆ ಹೋಗಬೇಕು, ಅದು ಗಾಳಿಯಲ್ಲಿ ಬರುತ್ತದಲ್ಲ' ಅಂತ ಅನೇಕರು ಕೇಳುತ್ತಾರೆ. ಗಾಳಿಯಲ್ಲಿ ಬರುವುದು ನಿಮ್ಮ ಫೋನಿನಿಂದ ಟವರ್‌ವರೆಗೆ ಮಾತ್ರ. ಟವರಿನಿಂದ ಮುಂದಕ್ಕೆ ನಮ್ಮ ಕಡೆ ಈಗ ಬಹುತೇಕ ನೆಲದೊಳಗಿನ ಫೈಬರಿನಲ್ಲೇ ಹೋಗಬೇಕು. ಆದ್ದರಿಂದ ಎರಡು ಕಂಪನಿಯ ಎರಡು ಸಿಮ್ ಇಟ್ಟುಕೊಂಡರೂ, ಎರಡೂ ಟವರಿಗೆ ಹೋಗುವ ಎಳೆಗಳು ಒಂದೇ ಕೇಬಲ್ಲಿನಲ್ಲಿದ್ದರೆ ಎರಡೂ ಒಟ್ಟಿಗೆ ಸಾಯುತ್ತವೆ.

ಆ ನಾಲ್ಕು ದಿನ ರೇಷನ್ ಅಂಗಡಿಯವರು ಬೆರಳಚ್ಚಿನ ಮಷಿನ್ ಹಿಡಿದುಕೊಂಡು ಊರ ಹಿಂದಿನ ಗುಡ್ಡ ಹತ್ತಿದರು. ಪಕ್ಕದ ಊರಿನ ಟವರಿನ ಸಿಗ್ನಲ್ ಅಲ್ಲಿ ಒಂದೋ ಎರಡೋ ಕಡ್ಡಿ ಸಿಗುತ್ತದೆ. ಕಾರ್ಡಿನವರೆಲ್ಲ ಹಿಂದೆ ಹಿಂದೆ ಹತ್ತಿದರು. ಹತ್ತಲಾರದವರು ಕೆಳಗೆ ಕೂತರು. ಬ್ಯಾಂಕ್ ಮಿತ್ರರ ಹತ್ತಿರ ಪಿಂಚಣಿ ಬಿಡಿಸಿಕೊಳ್ಳಲು ಬಂದವರದ್ದೂ ಅದೇ ಪಾಡು, ಆಧಾರ್ ಬೆರಳಚ್ಚು ನೆಟ್ ಇಲ್ಲದೆ ನಡೆಯುವುದಿಲ್ಲ.

ನಮ್ಮ ದೊಡ್ಡವ್ವನದು ಎರಡು ಎಕರೆ. ದೊಡ್ಡಪ್ಪ ಇಲ್ಲ, ಮಗ ಬೆಂಗಳೂರಿನಲ್ಲಿ. ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2ರಷ್ಟನ್ನು ರೈತರು ಕಟ್ಟಬೇಕು, ಅಷ್ಟು ದುಡ್ಡು ಸೆರಗಿನಲ್ಲಿ ಕಟ್ಟಿಕೊಂಡು ಮಂಗಳವಾರ ಮಧ್ಯಾಹ್ನ ಪಂಚಾಯಿತಿಗೆ ಹೋದಳು. 'ನೆಟ್ ಇಲ್ಲಬೇ ಯವ್ವಾ, ನಾಳಿ ಬಾ.' ಬುಧವಾರ ಹೋದಳು. 'ನಾಳಿ ಬಾ.' ಗುರುವಾರ ಹೋದಳು. ಅಷ್ಟರಲ್ಲಿ ಗಡುವು ಮುಗಿಯಿತು. ತಾಲೂಕಿಗೆ ಬಸ್ಸು ಇತ್ತು, ನಾಲ್ಕು ದಿನ ಬರುವುದಿಲ್ಲ ಅಂತ ಮಂಗಳವಾರವೇ ಯಾರಾದರೂ ಹೇಳಿದ್ದರೆ ಬುಧವಾರ ಬೆಳಿಗ್ಗೆ ನಾನೇ ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಆದರೆ ಎಲ್ಲರಿಗೂ 'ಇನ್ನೇನು ಬಂತು' ಅನ್ನುವ ಆಸೆ ಇತ್ತು. ಆ ವರ್ಷ ಬೆಳೆ ಬಂತು, ದೊಡ್ಡವ್ವ ಬಚಾವಾದಳು. ಅದು ಬೇರೆ ಮಾತು.

ನೆಟ್ ಬಂದ ಮೇಲೆ, ಆ ಕೆಲಸ ಮಾಡಿದ ಹುಡುಗರನ್ನು ಹುಡುಕಿಕೊಂಡು ಹೋಗಿ ಮಾತಾಡಿದೆ. ಬೈಯಲಿಕ್ಕೆ ಹೋಗಿದ್ದೆ ಅನ್ನುವುದು ನಿಜ. ಹೋದ ಮೇಲೆ ಚಹಾ ಕುಡಿಸಿ ಬಂದೆ. ಅವರಿಗೆ ತಿಂಗಳ ಸಂಬಳ ಇಲ್ಲ, ಜಾಯಿಂಟಿನ ಲೆಕ್ಕದಲ್ಲಿ ದುಡ್ಡು. 'ಮಷಿನ್ ಒಂದ ಐತ್ರಿ ಅಣ್ಣಾರ, ಎರಡು ತಾಲೂಕಿಗೆ. ಒಂದು ಕಡೆ ಹಚ್ಚಿ ಮುಗಿಸೂದ್ರಾಗ ಇನ್ನೊಂದು ಕಡೆ ಫೋನ್ ಬರತಾವು' ಅಂದ ಅವರಲ್ಲಿ ದೊಡ್ಡವನು. ದೊಡ್ಡವನು ಅಂದರೆ ಇಪ್ಪತ್ತಾರು ವರ್ಷದವನು. ಅವನೇ 77 ಗಂಟೆಯ ಲೆಕ್ಕ ಬಿಡಿಸಿ ಹೇಳಿದ.

ರಸ್ತೆ ಅಗಲ ಮಾಡುವವರು ಅಂಚಿನ ಕೇಬಲ್ ಸರಿಸಿ ಅಂದಿದ್ದರು. ಮಂಗಳವಾರ ಬೆಳಿಗ್ಗೆ ಒಂದು ಕಿಲೋಮೀಟರ್ ಚಿಲ್ಲರೆ ದೂರದ ಎರಡೂ ತುದಿಯಲ್ಲಿ ಹಳೆಯ ಕೇಬಲ್ ಕತ್ತರಿಸಿದರು. ಆಮೇಲೆ ಹೊಸ ಗುಂಡಿ ತೋಡಲು ಶುರು ಮಾಡಿದರು. ಗಮನಿಸಿ, ಕತ್ತರಿಸಿದ ಆಮೇಲೆ. ಬುಧವಾರ ಮಧ್ಯದಲ್ಲಿ ಬಂಡೆ ಸಿಕ್ಕಿತು, ಬ್ರೇಕರ್ ಬಾಡಿಗೆಗೆ ಹುಡುಕಬೇಕಾಯಿತು. ಗುರುವಾರ ಮಧ್ಯಾಹ್ನ ಕೇಬಲ್ ಎಳೆದು ಮುಗಿಯಿತು, ಆದರೆ ಜೋಡಿಸುವ ಮಷಿನ್ ಪಕ್ಕದ ತಾಲೂಕಿನಲ್ಲಿತ್ತು. ಗುರುವಾರ ರಾತ್ರಿ 8ಕ್ಕೆ ಬಂತು. ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಎರಡೂ ತುದಿ ಜೋಡಿಸಿ ಮುಗಿಸಿದಾಗ ರಾತ್ರಿ ಹನ್ನೆರಡೂವರೆ. ಕತ್ತಲಲ್ಲಿ ಎರಡು ಎಳೆ ಅದಲುಬದಲಾಗಿದ್ದವು. ಶುಕ್ರವಾರ ಅದನ್ನು ಹುಡುಕಿ ಸರಿ ಮಾಡಿದರು.

ಅಂದರೆ ನಿಜವಾಗಿ ಕೇಬಲ್ ಜೋಡಿಸಲು ಬೇಕಾದದ್ದು ನಾಲ್ಕೂವರೆ ಗಂಟೆ. ಉಳಿದ ಎಪ್ಪತ್ತೆರಡೂವರೆ ಗಂಟೆ ಗುಂಡಿಗೆ, ಬಂಡೆಗೆ, ಬ್ರೇಕರಿಗೆ, ಮಷಿನ್ನಿಗೆ ಕಾದದ್ದು, ಕೊನೆಗೆ ಕತ್ತಲಲ್ಲಿ ಆದ ತಪ್ಪು ತಿದ್ದಿದ್ದು. ಆ ಕಾಯುವಿಕೆಯನ್ನೆಲ್ಲ ನೆಟ್ ಇದ್ದಾಗಲೇ ಮುಗಿಸಬಹುದಿತ್ತು. ನನಗೆ ಸಿಟ್ಟು ಬಂದದ್ದು ಇಲ್ಲಿ.

ಫೈಬರ್ ಜೋಡಿಸುವುದನ್ನು ನೀವು ನೋಡಿರದಿದ್ದರೆ ಒಂದು ಸಲ ನಿಂತು ನೋಡಿ. ಕೂದಲೆಳೆಯಷ್ಟು ಸಣ್ಣ ಗಾಜಿನ ದಾರ. ಗಾಜಿನ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಅದರ ನಡುವೆ ಬೆಳಕು ಓಡುವ ದಾರಿ 9 ಮೈಕ್ರಾನ್ ಮಾತ್ರ. ಮೇಲಿನ ಬಣ್ಣದ ಪೊರೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಮಷಿನ್ನಿನಲ್ಲಿ ಎದುರುಬದುರು ಇಟ್ಟರೆ ಅದು ವಿದ್ಯುತ್ ಕಿಡಿಯಿಂದ ಎರಡನ್ನೂ ಕರಗಿಸಿ ಒಂದು ಮಾಡುತ್ತದೆ. ಮೇಲೊಂದು ತೋಳು ಹಾಕಿ ಬಿಸಿ ಮಾಡಿದರೆ ಒಂದು ಎಳೆ ಮುಗಿಯಿತು. ಕೈ ಪಳಗಿದವನಿಗೆ ಎಲ್ಲ ಸೇರಿ ಎಳೆಗೆ ಐದು ನಿಮಿಷ ಅಂತ ಹಿಡಿಯಿರಿ. 24 ಎಳೆಯ ಕೇಬಲ್ ಆದರೆ ಒಂದು ತುದಿಗೆ ಎರಡು ಗಂಟೆ. ನೀಲಿಗೆ ನೀಲಿ, ಕಿತ್ತಳೆಗೆ ಕಿತ್ತಳೆ, ಹಸಿರಿಗೆ ಹಸಿರು. ನಮ್ಮ ಎರೆಮಣ್ಣಿನ ಧೂಳು ಒಂದು ಕಣ ಬಿದ್ದರೂ ಜೋಡಣೆ ಕೆಡುತ್ತದೆ. ಇಂಥ ಕೆಲಸವನ್ನು ಮೊಬೈಲ್ ಟಾರ್ಚಿನಲ್ಲಿ ರಸ್ತೆ ಅಂಚಿನಲ್ಲಿ ಕೂತು ಮಾಡಿಸಿದರೆ ಬಣ್ಣ ತಪ್ಪದೆ ಇನ್ನೇನಾಗುತ್ತದೆ?

ಸರಿಯಾದ ದಾರಿ ಏನು? ಅದೇನು ಹೊಸ ವಿದ್ಯೆ ಅಲ್ಲ, ದೊಡ್ಡ ಊರುಗಳ ನಡುವಿನ ಮುಖ್ಯ ಲೈನುಗಳಲ್ಲಿ ಮಾಡುವ ಕ್ರಮವೇ. ಮೊದಲು ಹೊಸ ಗುಂಡಿ, ಹೊಸ ಪೈಪು, ಹೊಸ ಕೇಬಲ್. ಇಷ್ಟೂ ದಿನ ಹಳೆಯದು ನಡೆಯುತ್ತಲೇ ಇರಬೇಕು. ಬಂಡೆ ಸಿಕ್ಕರೆ ಸಿಗಲಿ, ವಾರ ಹಿಡಿದರೆ ಹಿಡಿಯಲಿ, ಯಾರಿಗೂ ತೊಂದರೆ ಇಲ್ಲ. ಹೊಸ ಕೇಬಲ್ಲಿನ ಪ್ರತಿ ಎಳೆಯನ್ನೂ ಪರೀಕ್ಷೆ ಮಾಡಿ ಇಟ್ಟುಕೊಳ್ಳಬೇಕು. ಆಮೇಲೆ ಬದಲಾಯಿಸುವ ದಿನ ಗೊತ್ತು ಮಾಡಬೇಕು.

ಆ ದಿನವೂ ಎಲ್ಲವನ್ನೂ ಒಟ್ಟಿಗೆ ಕತ್ತರಿಸಬೇಕಿಲ್ಲ. 24 ಎಳೆಯಲ್ಲಿ ಸಾಮಾನ್ಯವಾಗಿ ಕೆಲವು ಖಾಲಿ ಇರುತ್ತವೆ. ಜಾಯಿಂಟ್ ಡಬ್ಬಿಯಲ್ಲಿ ಕೈಯಾಡುವಷ್ಟು ಉದ್ದ ಬಿಟ್ಟಿದ್ದರೆ, ಮೊದಲು ಖಾಲಿ ಎಳೆಗಳನ್ನಷ್ಟೇ ಹೊಸ ಕೇಬಲ್ಲಿಗೆ ಜೋಡಿಸಿ, ಎರಡೂ ತುದಿಯ ಕಚೇರಿಯಲ್ಲಿ ಟವರಿನ ಮತ್ತು ಪಂಚಾಯಿತಿಯ ಸಂಪರ್ಕವನ್ನು ಆ ಎಳೆಗಳಿಗೆ ತಿರುಗಿಸಬಹುದು. ಒಂದು ವಯರ್ ಕಿತ್ತು ಪಕ್ಕದ ತೂತಿಗೆ ಹಾಕಿದಷ್ಟು ಹೊತ್ತು, ಒಂದೆರಡು ನಿಮಿಷ. ಆಮೇಲೆ ಉಳಿದವನ್ನು ನಿಧಾನಕ್ಕೆ ಜೋಡಿಸಿ. ಖಾಲಿ ಎಳೆ ಇಲ್ಲವಾದರೂ ಒಂದೊಂದೇ ಎಳೆ ಕತ್ತರಿಸಿ ಜೋಡಿಸಿದರೆ ಆ ಒಂದು ಎಳೆಯವರಿಗೆ ಮಾತ್ರ ಹತ್ತಿಪ್ಪತ್ತು ನಿಮಿಷ ಹೋಗುತ್ತದೆ. ಎರಡು ತುದಿಗೆ ಎರಡು ತಂಡ, ಎರಡು ಮಷಿನ್ ಇರಬೇಕು ಅಷ್ಟೇ. ಎಲ್ಲವನ್ನೂ ಒಟ್ಟಿಗೇ ಕತ್ತರಿಸಲೇಬೇಕಾದ ಪರಿಸ್ಥಿತಿ ಬಂದರೂ ಎರಡು ತಂಡಕ್ಕೆ ಅದು ಒಂದು ರಾತ್ರಿಯ ಕೆಲಸ, ಅದರಲ್ಲೂ ಮೊದಲು ಯಾವ ಎಳೆ ಅನ್ನುವುದಕ್ಕೆ ಪಟ್ಟಿ ಇರಬೇಕು. ಟವರ್, ಪಂಚಾಯಿತಿ, ಆಸ್ಪತ್ರೆ ಮೊದಲು. ಮನೆಯ ಟಿವಿ ಆಮೇಲೆ. 108ಕ್ಕೆ ಕರೆ ಹೋಗದ ಊರಿನಲ್ಲಿ ಕ್ರಿಕೆಟ್ ಬಂದು ಏನು ಪ್ರಯೋಜನ?

ಆ ಇಪ್ಪತ್ತಾರು ವರ್ಷದ ಹುಡುಗನಿಗೆ ಇದೆಲ್ಲ ಗೊತ್ತಿತ್ತು. 'ಹಂಗ ಮಾಡಾಕ ಬರತೈತ್ರಿ. ಆದ್ರ ಎರಡನೇ ಮಷಿನ್ ಯಾರ ಕೊಡತಾರ?' ಅಂದ.

ಮೇಲಿನವರ ಮಾತೂ ಕೇಳಬೇಕಲ್ಲ ಅಂತ ಈ ಕೆಲಸದ ಉಸ್ತುವಾರಿ ಇರುವ ಒಬ್ಬರಿಗೆ ಫೋನ್ ಮಾಡಿದೆ. 'ಮುಂಚೇನ ಊರಿಗೆ ಹೇಳಬಹುದಿತ್ತಲ್ರೀ' ಅಂದೆ. 'ಹೇಳಿದ್ರ ಜಗಳ ಜಾಸ್ತಿ ಆಗ್ತಾವ ಸರ್. ಹೇಳದಿದ್ರ ಎಲ್ಲೋ ಕಟ್ ಆಗೇತಿ ಅಂತ ಸುಮ್ನಿರತಾರ' ಅಂದರು. ಇಷ್ಟು ಪ್ರಾಮಾಣಿಕ ಉತ್ತರ ನನಗೆ ಅಪರೂಪಕ್ಕೆ ಸಿಗುತ್ತದೆ. ಅವರ ಮಾತಿನಲ್ಲಿ ಎರಡು ಸಂಗತಿ ಇವೆ. ಒಂದು, ನಾವು ಸುಮ್ಮನಿರುತ್ತೇವೆ ಅನ್ನುವುದು ಅವರಿಗೆ ಗೊತ್ತು. ಎರಡು, ಗಂಟೆ ಹೇಳಿಬಿಟ್ಟರೆ ಆ ಗಂಟೆಗೆ ಸಿಕ್ಕಿಹಾಕಿಕೊಳ್ಳುತ್ತೇವೆ ಅನ್ನುವುದೂ ಗೊತ್ತು.

ಸಿಕ್ಕಿಹಾಕಿಕೊಳ್ಳಲಿ ಅಂತಲೇ ನಾನು ಹೇಳುತ್ತಿರುವುದು. ಹೆಸ್ಕಾಂನವರು 10ರಿಂದ 5 ಅಂತ ಬರೆದು ಕೊಟ್ಟ ಮೇಲೆ 6 ಗಂಟೆಗೆ ಕರೆಂಟ್ ಬರದಿದ್ದರೆ ಜನ ಫೋನ್ ಮಾಡುತ್ತಾರೆ, ಲೈನ್‌ಮನ್ ಉತ್ತರ ಕೊಡಬೇಕು. ಹೊತ್ತು ಹೇಳಬೇಕು ಅಂತಾದರೆ ಗುಂಡಿ ಮೊದಲು ತೋಡಲೇಬೇಕು, ಮಷಿನ್ ಮೊದಲು ತರಿಸಲೇಬೇಕು, ಬಂಡೆ ಇದೆಯಾ ಅಂತ ಮೊದಲು ನೋಡಲೇಬೇಕು. ನಾಲ್ಕು ಸಾಲಿನ ಪ್ರಕಟಣೆ ಕೊಡುವ ಕಡ್ಡಾಯ ಒಂದಿದ್ದರೆ ಅದರ ಹಿಂದಿನ ತಯಾರಿ ತಾನಾಗಿ ಬರುತ್ತದೆ. ಮುಂಚೆ ಹೇಳಿ ಕರೆಂಟ್ ತೆಗೆದದ್ದಕ್ಕೆ ನಮ್ಮೂರಲ್ಲಿ ಯಾರೂ ಇವತ್ತಿನವರೆಗೆ ಜಗಳ ಮಾಡಿಲ್ಲ. ಹೇಳದೆ ತೆಗೆದಾಗ ಮಾಡಿದ್ದಾರೆ.

ನಿಯಮ ಇಲ್ಲವಾ ಅಂತ ಕೇಳುತ್ತೀರಿ. ಸ್ವಲ್ಪ ಇದೆ. ಟ್ರಾಯ್ 2024ರಲ್ಲಿ ಸೇವೆಯ ಗುಣಮಟ್ಟದ ಹೊಸ ನಿಯಮ ತಂದಿತು. ಜಿಲ್ಲೆಯ ಮಟ್ಟದಲ್ಲಿ 24 ಗಂಟೆಗಿಂತ ಹೆಚ್ಚು ಸೇವೆ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ಹೆಚ್ಚಳ ಕೊಡಬೇಕು ಅಂತ ಅದರಲ್ಲಿದೆ. ಒಳ್ಳೆಯದೇ. ಆದರೆ ಜಿಲ್ಲೆ ಅನ್ನುವ ಪದ ನೋಡಿ. ನಮ್ಮೂರು, ಪಕ್ಕದ ಎರಡು ಊರು, ಒಂದು ತಾಂಡಾ 77 ಗಂಟೆ ಸತ್ತು ಕೂತರೂ ಹಾವೇರಿ ಜಿಲ್ಲೆ ಬದುಕಿತ್ತು. ಆದ್ದರಿಂದ ಆ ನಿಯಮದ ಕಣ್ಣಿಗೆ ನಮ್ಮ ನಾಲ್ಕು ದಿನ ಬೀಳುವುದೇ ಇಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಂಟೆ ಎಣಿಸುವವರೆಗೆ ಹಳ್ಳಿಯ ನೆಟ್ ಸುಧಾರಿಸುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಟ್ರಾಯ್‌ಗೆ ಬರೆದು ತಿಳಿಸಬೇಕಾದವರು ನಮ್ಮ ಜನಪ್ರತಿನಿಧಿಗಳು. ಒಬ್ಬೊಬ್ಬ ಗ್ರಾಹಕನ ದೂರನ್ನು ಟ್ರಾಯ್ ತಾನೇ ವಿಚಾರಣೆ ಮಾಡುವುದಿಲ್ಲ, ಅದಕ್ಕೆ ಕಂಪನಿಗೇ ಹೋಗಬೇಕು.

ಇನ್ನು ಭಾರತ್‌ನೆಟ್. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದಾಗ ಇದಕ್ಕೆ ಬೇರೆ ಹೆಸರಿತ್ತು, 2015ರಲ್ಲಿ ಭಾರತ್‌ನೆಟ್ ಆಯಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗೆ ಫೈಬರ್ ಮುಟ್ಟಿಸುವ ಯೋಜನೆ. ಮೊದಲ ಹಂತದಲ್ಲಿ ತಾಲೂಕಿನಿಂದ ಹೊರಟ ಕೇಬಲ್ ಮರದ ಕೊಂಬೆಯ ಹಾಗೆ ಕವಲೊಡೆದು ಒಂದೊಂದು ಪಂಚಾಯಿತಿಗೆ ಹೋಗುತ್ತಿತ್ತು. ಕೊಂಬೆ ಬುಡದಲ್ಲಿ ಕಡಿದರೆ ಮುಂದಿನ ಎಲೆಗಳೆಲ್ಲ ಒಣಗುತ್ತವೆ. ಇದನ್ನು ಒಪ್ಪಿಕೊಂಡೇ 2023ರ ಆಗಸ್ಟಿನಲ್ಲಿ ಕೇಂದ್ರ ತಿದ್ದುಪಡಿ ಮಾಡಿದ ಯೋಜನೆಗೆ 1,39,579 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಈಗ ಪಂಚಾಯಿತಿಗಳನ್ನು ಉಂಗುರದ ಆಕಾರದಲ್ಲಿ ಜೋಡಿಸಬೇಕು ಅನ್ನುವುದು ಅದರ ಮುಖ್ಯ ಬದಲಾವಣೆ. ಊರಿಗೆ ಎರಡು ಕಡೆಯಿಂದ ದಾರಿ ಇದ್ದ ಹಾಗೆ. ಒಂದು ಕಡೆ ಸೇತುವೆ ರಿಪೇರಿ ಇದ್ದರೆ ಬಸ್ಸು ಇನ್ನೊಂದು ಕಡೆಯಿಂದ ಬರುತ್ತದೆ. ಉಂಗುರ ಸರಿಯಾಗಿ ಆದರೆ ನಿರ್ವಹಣೆ ಕೆಲಸ ನಡೆದದ್ದು ನಮಗೆ ತಿಳಿಯುವುದೂ ಇಲ್ಲ.

ಸರಿಯಾಗಿ ಆದರೆ ಅಂದೆ. ಉಂಗುರದ ಎರಡೂ ಬದಿಯ ಕೇಬಲ್ಲನ್ನು ಖರ್ಚು ಉಳಿಸಲು ಒಂದೇ ಗುಂಡಿಯಲ್ಲಿ ಹಾಕಿದರೆ, ಅಥವಾ ಎರಡನ್ನೂ ಒಂದೇ ಸೇತುವೆಯ ಮೇಲಿನಿಂದ ತಂದರೆ, ನಕ್ಷೆಯಲ್ಲಿ ಉಂಗುರ, ನೆಲದಲ್ಲಿ ಅದೇ ಕೊಂಬೆ. ಜೆಸಿಬಿಯ ಒಂದು ಬಕೆಟ್ಟಿಗೆ ಎರಡೂ ಬರುತ್ತವೆ. ನಿಮ್ಮ ಊರಿನಲ್ಲಿ ಹೊಸ ಕೇಬಲ್ ಹಾಕುವ ತಂಡ ಕಂಡರೆ 'ಇನ್ನೊಂದು ದಾರಿ ಯಾವ ಕಡೆಯಿಂದ ಹೋಗುತ್ತದೆ' ಅಂತ ಒಂದು ಮಾತು ಕೇಳಿ ನೋಡಿ.

ನಮ್ಮ ತಪ್ಪೂ ಇದೆ, ಅದನ್ನು ಬರೆಯದಿದ್ದರೆ ಇದು ಅರ್ಧ ಲೇಖನ ಆಗುತ್ತದೆ. ನಾನು ಸುದ್ದಿ ಮಾಡಿದ ಆಕಸ್ಮಿಕ ಕಟ್‌ಗಳಲ್ಲಿ ಹೆಚ್ಚಿನವು ನೀರಿನ ಪೈಪಿಗೆ, ಚರಂಡಿಗೆ ತೋಡಿದ ಗುಂಡಿಯಿಂದ ಆದವು. ತೋಡಿಸಿದ್ದು ನಮ್ಮದೇ ಪಂಚಾಯಿತಿಗಳು. ತೋಡುವ ಮುಂಚೆ ತಿಳಿಸಲಿಕ್ಕೆ ಅಂತಲೇ ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ಬಿಡುಗಡೆ ಮಾಡಿದೆ. ಎಲ್ಲಿ ತೋಡುತ್ತೇವೆ ಅಂತ ಅದರಲ್ಲಿ ಹಾಕಿದರೆ ಆ ಜಾಗದಲ್ಲಿ ಕೇಬಲ್, ಪೈಪು ಇರುವ ಸಂಸ್ಥೆಗಳಿಗೆ ಸಂದೇಶ ಹೋಗುತ್ತದೆ. ಹೀಗೆ ಹೇಳದೆ ಕೇಳದೆ ತೋಡುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಸರ್ಕಾರವೇ ಆಗ ಹೇಳಿತ್ತು. ನಾನು ಕೇಳಿದ ಜೆಸಿಬಿ ಚಾಲಕರಲ್ಲಿ ಒಬ್ಬರೂ ಆ ಆ್ಯಪಿನ ಹೆಸರು ಕೇಳಿರಲಿಲ್ಲ. ಕೆಲಸ ಕೊಡುವ ಪಂಚಾಯಿತಿ ಅದನ್ನು ಕೇಳಿದರೆ ಗುತ್ತಿಗೆದಾರ ಮಾಡುತ್ತಾನೆ, ಕೇಳದಿದ್ದರೆ ಅವನಿಗೇನು?

ಕಟ್ ಆದ ಜಾಗ ಹುಡುಕುವುದರಲ್ಲೂ ಹೊತ್ತು ಹೋಗುತ್ತದೆ. ಅದಕ್ಕೊಂದು ಯಂತ್ರ ಇದೆ, ಒಟಿಡಿಆರ್ ಅನ್ನುತ್ತಾರೆ. ಕೇಬಲ್ಲಿನ ಒಂದು ತುದಿಯಿಂದ ಬೆಳಕಿನ ಒಂದು ತುಣುಕು ಬಿಟ್ಟು, ಅದು ಮರಳಿ ಬರುವ ಹೊತ್ತು ಅಳೆದು ಇಷ್ಟು ದೂರದಲ್ಲಿ ತುಂಡಾಗಿದೆ ಅಂತ ಹೇಳುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಓಡುತ್ತದೆ, ಹತ್ತು ಕಿ.ಮೀ. ದೂರ ಹೋಗಿ ಬರಲು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗ ಸಾಕು. ಬಾವಿಗೆ ಕೂಗಿ ಪ್ರತಿಧ್ವನಿ ಕೇಳಿದ ಹಾಗೆ. ಆದರೆ ಅದು ಹೇಳುವುದು ಕೇಬಲ್ಲಿನ ಉದ್ದ, ರಸ್ತೆಯ ಉದ್ದ ಅಲ್ಲ. ಮುಂದೆ ಬೇಕಾದೀತು ಅಂತ ಅಲ್ಲಲ್ಲಿ ಹತ್ತಿಪ್ಪತ್ತು ಮೀಟರ್ ಸುತ್ತಿ ಹೂತಿಟ್ಟಿರುತ್ತಾರೆ. ಯಾವ ಕಿ.ಮೀ. ಕಲ್ಲಿನ ಹತ್ತಿರ ಎಷ್ಟು ಸುತ್ತಿಟ್ಟಿದೆ ಅಂತ ಬರೆದಿಟ್ಟಿರದಿದ್ದರೆ ಯಂತ್ರ ಒಂದು ಕಡೆ ತೋರಿಸುತ್ತದೆ, ತುಂಡಾದದ್ದು ಇನ್ನೊಂದು ಕಡೆ ಇರುತ್ತದೆ. ಹಳೆಯ ಗುತ್ತಿಗೆದಾರ ಹೋದ, ಹೊಸಬ ಬಂದ, ನಕ್ಷೆ ಇಬ್ಬರ ಹತ್ತಿರವೂ ಇಲ್ಲ. ಆ ನಕ್ಷೆಯ ಒಂದು ಪ್ರತಿ ಪಂಚಾಯಿತಿ ಕಪಾಟಿನಲ್ಲಿ ಇರಬೇಕು. ಕೇಬಲ್ ಹಾಕಲು ಬಂದವರಿಂದ ಅದನ್ನು ಪಿಡಿಒ ಮೊದಲ ದಿನವೇ ಕೇಳಿ ಪಡೆಯಬೇಕು.

ಇನ್ನೊಂದು ಸಣ್ಣ ಮಾತು. 'ನೆಟ್ ಇಲ್ಲ' ಅನ್ನುವ ಮುಂಚೆ ಪೆಟ್ಟಿಗೆಯ ದೀಪ ನೋಡಿ. ಯಾವ ದೀಪವೂ ಇಲ್ಲದಿದ್ದರೆ ಅದು ಕರೆಂಟಿನ ಅಥವಾ ಬ್ಯಾಟರಿಯ ತೊಂದರೆ, ಫೈಬರಿಗೆ ಏನೂ ಆಗಿಲ್ಲ. ಎಲ್‌ಒಎಸ್ ಅಂತ ಬರೆದ ಕಡೆ ಕೆಂಪು ಮಿಣುಕುತ್ತಿದ್ದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ, ಲೈನ್ ಎಲ್ಲೋ ಹೋಗಿದೆ. ಯಾವುದು ಅಂತ ಸರಿಯಾಗಿ ಹೇಳಿದರೆ ಸರಿಯಾದ ಮನುಷ್ಯ ಬರುತ್ತಾನೆ. ಕಂಪನಿಗೆ ಫೋನ್ ಮಾಡಿದಾಗ ಕೊಡುವ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಮ್ಮೂರಿನ 77 ಗಂಟೆಯಲ್ಲಿ ಎಷ್ಟು ಜನ ದೂರು ಕೊಟ್ಟಿದ್ದಾರೆ ಅಂತ ವಿಚಾರಿಸಿದೆ. ನನಗೆ ಸಿಕ್ಕವರು ಇಬ್ಬರು. ಉಳಿದ ನಾವೆಲ್ಲ ಕಟ್ಟೆ ಮೇಲೆ ಕೂತು ಬೈದೆವು.

ಕೆಲಸಕ್ಕೆ ಯಾವ ದಿನ ಅನ್ನುವುದನ್ನು ಕಂಪನಿ ತಾನೊಂದೇ ತೀರ್ಮಾನಿಸಬಾರದು. ಪಟ್ಟಣದ ಲೆಕ್ಕದಲ್ಲಿ ರಾತ್ರಿ 12ರಿಂದ 5 ಒಳ್ಳೆಯ ಹೊತ್ತು. ನಮಗೂ ಅದು ಒಳ್ಳೆಯದೇ. ಆದರೆ ಹೆದ್ದಾರಿ ಅಂಚಿನಲ್ಲಿ, ಹುಲ್ಲಿನಲ್ಲಿ ಹಾವು ಓಡಾಡುವ ಜಾಗದಲ್ಲಿ ಆ ಹುಡುಗರನ್ನು ರಾತ್ರಿ ಕೂರಿಸುವುದಾದರೆ ದೀಪ, ಡೇರೆ, ಒಬ್ಬ ಕಾವಲಿನವನು ಬೇಕು. ಅದು ಆಗದಿದ್ದರೆ ಭಾನುವಾರ ಬೆಳಿಗ್ಗೆ ಮಾಡಲಿ, ಕಚೇರಿ ಬ್ಯಾಂಕು ರಜೆ ಇರುತ್ತದೆ. ನಮ್ಮೂರಿಗೆ ಸಂತೆ ದಿನ ಬೇಡ, ಈಗ ಮೆಣಸಿನಕಾಯಿಯಿಂದ ಹಿಡಿದು ಮಂಡಕ್ಕಿ ಗಿರ್ಮಿಟ್‌ವರೆಗೆ ಎಲ್ಲ ಫೋನ್‌ಪೇ. ರೇಷನ್ ಕೊಡುವ ದಿನಗಳು ಬೇಡ. ಬೆಳೆ ವಿಮೆಯ ಕೊನೆಯ ವಾರ ಬೇಡ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬೇಡ. ಈ ದಿನಗಳು ಕಂಪನಿಯ ಬೆಂಗಳೂರು ಕಚೇರಿಗೆ ಗೊತ್ತಿರುವುದಿಲ್ಲ, ಪಿಡಿಒಗೆ ಗೊತ್ತಿರುತ್ತವೆ. ಒಂದು ಫೋನ್ ಮಾಡಿ ಕೇಳಬೇಕು.

ಆ ಪ್ರಕಟಣೆ ಹೇಗಿರಬೇಕು ಅಂತ ನಾನೇ ಬರೆದು ನಮ್ಮ ಪಿಡಿಒಗೆ ಕೊಟ್ಟೆ. 'ಭಾನುವಾರ ಬೆಳಿಗ್ಗೆ 6ರಿಂದ 10ರವರೆಗೆ ರಸ್ತೆ ಕಾಮಗಾರಿಗಾಗಿ ಕೇಬಲ್ ಬದಲಾಯಿಸುವುದರಿಂದ ಈ ಮೂರು ಊರು ಮತ್ತು ತಾಂಡಾದಲ್ಲಿ ಮೊಬೈಲ್, ಇಂಟರ್‌ನೆಟ್ ಇರುವುದಿಲ್ಲ. ತುರ್ತು ಕರೆಗೆ ಶಾಲೆಯ ಹಿಂದಿನ ಗುಡ್ಡದ ಹತ್ತಿರ ಪಕ್ಕದ ಟವರ್ ಸಿಗುತ್ತದೆ. 10 ಗಂಟೆಯ ನಂತರವೂ ಬರದಿದ್ದರೆ ಈ ನಂಬರಿಗೆ ಕರೆ ಮಾಡಿ.' ಮೂರು ದಿನ ಮೊದಲು ಪಂಚಾಯಿತಿ ಗೋಡೆಗೆ, ಊರಿನ ವಾಟ್ಸಾಪ್ ಗುಂಪಿಗೆ, ಡೇರಿಗೆ, ಕಸದ ಗಾಡಿಯ ಮೈಕಿಗೆ. ಪತ್ರಿಕೆಗೆ ನಾನು ಕಳಿಸುತ್ತೇನೆ, ಮೂಲೆಯಲ್ಲಿ ಜಾಗ ಇದೆ.

ಪಿಡಿಒ ಓದಿ ನಕ್ಕರು. ಆಮೇಲೆ ಅದನ್ನೇ ಇಟ್ಟುಕೊಂಡು ಗ್ರಾಮಸಭೆಯಲ್ಲಿ ಠರಾವು ಮಾಡಿಸಿದರು. ಪಂಚಾಯಿತಿ ವ್ಯಾಪ್ತಿಯಲ್ಲಿ ಕೇಬಲ್ ಕೆಲಸ ಮಾಡುವವರು ಮೂರು ದಿನ ಮೊದಲು ಲಿಖಿತವಾಗಿ ತಿಳಿಸಬೇಕು, ಹೊಸ ಕೇಬಲ್ ಹಾಕಿ ಪರೀಕ್ಷೆ ಮಾಡುವವರೆಗೆ ಹಳೆಯದನ್ನು ಕತ್ತರಿಸಬಾರದು ಅಂತ. ಆ ಠರಾವಿಗೆ ಕಂಪನಿ ಎಷ್ಟು ಬೆಲೆ ಕೊಡುತ್ತದೆ ನೋಡಬೇಕು. ದೊಡ್ಡವ್ವ ಸಭೆಯಲ್ಲಿ ಮುಂದೆಯೇ ಕೂತಿದ್ದಳು. 'ಮೂರು ದಿನ ಯಾಕ, ಹಿಂದಿನ ದಿನ ಹೇಳಿದ್ರೂ ಸಾಕಿತ್ತು' ಅಂದಳು.

ರಸ್ತೆಯ ಮುಂದಿನ ಆರು ಕಿ.ಮೀ. ಕೆಲಸ ದೀಪಾವಳಿ ಆದಮೇಲೆ ಶುರುವಾಗುತ್ತದೆ, ಅಂಚಿಗೆ ಈಗಾಗಲೇ ಸುಣ್ಣದ ಗೆರೆ ಎಳೆದಿದ್ದಾರೆ. ಗೆರೆಯ ಒಳಗೇ ಕೇಬಲ್ಲಿನ ಗುರುತಿನ ಕಲ್ಲುಗಳಿವೆ. ಠರಾವಿನ ಪ್ರತಿ ಇಟ್ಟು ಪಿಡಿಒ ಪತ್ರ ಕಳಿಸಿದ್ದಾರೆ. ಉತ್ತರ ಬಂದರೆ ಇಲ್ಲೇ ಬರೆಯುತ್ತೇನೆ.